“ಅದು ನಿಂಗೆ ಹೆಂಗೆ ಗೊತ್ತಾಯ್ತು?” ಪೌರನೀತಿ ಪಾಠಾನ ಪ್ರಶ್ನೆಯಿಂದ ಶುರು ಮಾಡೋದು ಹೇಗೆ

ಸ್ಥಳೀಯ ಸರ್ಕಾರದ ಪಾಠ ಮುಗಿಸಿ ಟೆಸ್ಟ್ ಕೊಟ್ಟಿದ್ದೆ. ಗ್ರಾಮ ಪಂಚಾಯಿತಿಯ ಕಾರ್ಯಗಳನ್ನು ಬರೆಯಿರಿ ಅನ್ನೋ ಪ್ರಶ್ನೆಗೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಮೊದಲನೇ ಪಾಯಿಂಟೇ “ಕುಡಿಯುವ ನೀರು ಒದಗಿಸುವುದು” ಅಂತ ದುಂಡಗೆ ಬರೆದಿದ್ಲು, ಪೂರ್ತಿ ಮಾರ್ಕ್ಸ್ ಕೊಟ್ಟೆ. ಸಂಜೆ ಬಸ್‌ಸ್ಟ್ಯಾಂಡಿಗೆ ನಡ್ಕೊಂಡು ಹೋಗ್ತಿದ್ರೆ ಅದೇ ಹುಡುಗಿ ಬೀದಿ ನಲ್ಲಿ ಮುಂದೆ ಎರಡು ಖಾಲಿ ಕೊಡ ಇಟ್ಕೊಂಡು ಕೂತಿದ್ಲು. ನೀರು ಯಾವಾಗ ಬರತ್ತೆ ಪುಟ್ಟಿ ಅಂದೆ. ಗೊತ್ತಿಲ್ಲ ಮಿಸ್, ಬಂದಾಗ ಬರತ್ತೆ ಅಂದ್ಲು. ಯಾರನ್ನಾದ್ರೂ ಕೇಳಿದ್ರಾ ಅಂದ್ರೆ, ಯಾರನ್ನ ಕೇಳ್ಬೇಕು ಮಿಸ್ ಅಂತ ನನ್ನನ್ನೇ ಕೇಳಿದ್ಲು. ಬೆಳಿಗ್ಗೆ ಬರೆದ ಉತ್ತರಕ್ಕೂ ಸಂಜೆ ಮುಂದಿಟ್ಕೊಂಡಿದ್ದ ಕೊಡಕ್ಕೂ ಸಂಬಂಧ ಇದೆ ಅಂತ ಅವಳಿಗೆ ಅನ್ಸಿರ್ಲೇ ಇಲ್ಲ, ಅನ್ನಿಸೋ ಹಂಗೆ ನಾನು ಪಾಠ ಮಾಡಿರ್ಲಿಲ್ಲ. ಅವತ್ತು ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರ್ಲಿಲ್ಲ.

ಮುಂದಿನ ವರ್ಷದಿಂದ ಅದೇ ಪಾಠಾನ ಬೇರೆ ಥರ ಮಾಡ್ತಿದೀನಿ. ಬಿಎಡ್‌ನಲ್ಲಿ ಅನ್ವೇಷಣಾ ವಿಧಾನ ಅಂತ ಓದಿದ್ವಲ್ಲ, ಟ್ರೈನಿಂಗ್‌ಗಳಲ್ಲಿ ಇನ್‌ಕ್ವೈರಿ ಅಂತಾರಲ್ಲ, ಮಕ್ಕಳೇ ಒಂದು ಪ್ರಶ್ನೆ ಹಿಡ್ಕೊಂಡು ಆಧಾರ ಹುಡುಕಿ ಉತ್ತರ ಕಟ್ಟೋದು, ಅದೇ. ಆದ್ರೆ ಅಲ್ಲಿ ಪಿಪಿಟಿಯಲ್ಲಿ ಐದು ಬಾಣದ ಗುರುತು ಹಾಕಿ ತೋರಿಸಿ ಬಿಟ್ಬಿಡ್ತಾರೆ, ಅರವತ್ತು ಮಕ್ಕಳ ಕ್ಲಾಸಲ್ಲಿ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಅದನ್ನ ಹೆಂಗೆ ಮಾಡೋದು ಅಂತ ಯಾರೂ ಹೇಳಲ್ಲ. ನಾನು ಮಾಡಿದ್ದನ್ನ ಮಾಡಿದ ಹಂಗೇ ಬರೀತಿದೀನಿ, ಎಲ್ಲಿ ಕೈ ಕೊಡ್ತೋ ಅದನ್ನೂ ಸೇರಿಸಿ.

ಶುರು ಮಾಡೋ ಮುಂಚೆ ಒಂದು ಮಾತು. ಟೀಚರ್ ಜಾಸ್ತಿ ಪ್ರಶ್ನೆ ಕೇಳಿಬಿಟ್ರೆ ಅದು ಅನ್ವೇಷಣೆ ಆಗೋಯ್ತು ಅಂತ ತುಂಬಾ ಜನ ಅಂದ್ಕೊಂಡಿದಾರೆ. ನಾವು ದಿನಾ ಕ್ಲಾಸಲ್ಲಿ ಕೇಳೋ ಪ್ರಶ್ನೆಗಳೆಲ್ಲ ನಮಗೆ ಉತ್ತರ ಗೊತ್ತಿರೋವೇ, ಮಗುವಿಗೆ ಗೊತ್ತಾ ಅಂತ ಪರೀಕ್ಷೆ ಮಾಡ್ತೀವಿ ಅಷ್ಟೇ. ಇಲ್ಲಿ ಮಗು ಒಂದು ಉತ್ತರ ಹೇಳಿದ ತಕ್ಷಣ ಸರಿ ತಪ್ಪು ಅನ್ನದೆ “ಅದು ನಿಂಗೆ ಹೆಂಗೆ ಗೊತ್ತಾಯ್ತು?” ಅಂತ ಕೇಳ್ಬೇಕು. ಆ ಒಂದು ಪ್ರಶ್ನೆ ಮಕ್ಕಳ ಬಾಯಲ್ಲಿ ತಾನಾಗೇ ಬರೋ ತನಕ ಮಾಡಿದ್ರೆ ಮಿಕ್ಕಿದ್ದೆಲ್ಲ ಅದರ ಹಿಂದೆ ಬರತ್ತೆ.

ಹಂತ 1: ಪ್ರಶ್ನೆ ಹುಡುಕೋದು

ಅರ್ಧ ಕೆಲಸ ಇಲ್ಲೇ ಇರೋದು, ಹಾಗಾಗಿ ಇದಕ್ಕೆ ಟೈಮ್ ಕೊಡಿ. ನಾನು ಮೊದಲನೇ ಸಲ “ಗ್ರಾಮ ಪಂಚಾಯಿತಿ ಯಾಕೆ ಮುಖ್ಯ?” ಅಂತ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ಪುಸ್ತಕ ತೆಗೆದು ಅದೇ ಪ್ಯಾರಾ ಕಾಪಿ ಮಾಡಿ ತಂದ್ರು. ಮಕ್ಕಳದ್ದೇನೂ ತಪ್ಪಿಲ್ಲ, ಪ್ರಶ್ನೆಯಲ್ಲೇ ಹುಡುಕೋಕೆ ಏನೂ ಇರ್ಲಿಲ್ಲ.

ಎರಡನೇ ಸಲ ಮಕ್ಕಳನ್ನೇ ಕೇಳಿದೆ, ಈ ಊರಲ್ಲಿ ಒಬ್ಬರಿಗೆ ಒಂದು ಥರ ಇನ್ನೊಬ್ಬರಿಗೆ ಇನ್ನೊಂದು ಥರ ಇರೋದು ಏನೇನಿದೆ ಅಂತ. ಬೋರ್ಡು ತುಂಬೋಯ್ತು. ಬೀದಿ ದೀಪ, ಚರಂಡಿ, ಬಸ್ಸು, ಅಂಗನವಾಡಿ, ರೇಷನ್ ಅಂಗಡಿ. ಕೊನೆಗೆ ಎಲ್ಲರೂ ಕೈ ಎತ್ತಿದ್ದು ನೀರಿಗೆ. ಪ್ರಶ್ನೆ ಹೀಗೆ ರೆಡಿ ಆಯ್ತು: “ಮೇಲಿನ ಬೀದಿಗೆ ದಿನಾ ನೀರು ಬರತ್ತೆ, ಕೆಳಗಿನ ಬೀದಿಗೆ ದಿನ ಬಿಟ್ಟು ದಿನ ಬರತ್ತೆ, ಯಾಕೆ?”

ಇದು ಯಾಕೆ ಒಳ್ಳೆ ಪ್ರಶ್ನೆ ಅಂದ್ರೆ, ನಂಗೂ ಇದರ ಉತ್ತರ ಗೊತ್ತಿರ್ಲಿಲ್ಲ. ಒಂದೇ ಮಾತಲ್ಲಿ ಮುಗಿಯಲ್ಲ. ಆಧಾರ ಎಲ್ಲ ಮಕ್ಕಳು ನಡ್ಕೊಂಡು ಹೋಗಿ ಬರೋ ದೂರದಲ್ಲೇ ಇದೆ, ಯಾವುದಕ್ಕೂ ದುಡ್ಡು ಕೊಟ್ಟು ಬಸ್ ಹತ್ತಬೇಕಾಗಿಲ್ಲ. ಮತ್ತೆ ಪಠ್ಯಕ್ಕೆ ನೇರವಾಗಿ ಬಂದು ಸೇರತ್ತೆ, ಪಂಚಾಯಿತಿ, ಗ್ರಾಮಸಭೆ, ಅನುದಾನ, ಸಮಾನತೆ ಹಕ್ಕು ಎಲ್ಲ ಇದರ ಒಳಗೇ ಇದೆ. “ಯಾರು ಕಾರಣ?” ಅಂತ ಮಾತ್ರ ಕೇಳ್ಬೇಡಿ, “ಏನು ಕಾರಣ?”, “ಯಾಕೆ?” ಅಂತ ಕೇಳಿ. ಯಾರು ಅಂತ ಕೇಳಿದ್ರೆ ಮಕ್ಕಳು ಮೊದಲನೇ ದಿನವೇ ಒಬ್ಬರ ಹೆಸರು ಹೇಳಿ ಕೂತ್ಬಿಡ್ತಾರೆ, ಊರಲ್ಲಿ ಜಗಳಾನೂ ಆಗತ್ತೆ.

ಸಿಟಿ ಸ್ಕೂಲಲ್ಲಿರೋವ್ರು ಕಸದ ಗಾಡಿ, ಫುಟ್‌ಪಾತ್, ಪಾರ್ಕ್ ತಗೋಬಹುದು, ಆಗ ನಗರಗಳ ಸ್ಥಳೀಯ ಸರ್ಕಾರದ ಬಗ್ಗೆ ಇರೋ ಸಂವಿಧಾನದ 74ನೇ ತಿದ್ದುಪಡಿ, ವಾರ್ಡ್ ಸಮಿತಿ ಕಡೆ ಪಾಠ ಹೋಗತ್ತೆ.

ಹಂತ 2: ಮೊದಲ ಊಹೆ ಬರೆಸಿ, ಕವರ್‌ಗೆ ಹಾಕಿ

ಏನೂ ಹುಡುಕೋ ಮೊದಲೇ ಪ್ರತಿಯೊಬ್ಬರ ಹತ್ರನೂ ಒಂದು ಚೀಟಿಯಲ್ಲಿ ಬರೆಸಿ: ನನ್ನ ಪ್ರಕಾರ ಕಾರಣ ಇದು, ಯಾಕಂದ್ರೆ ಇದು. ಹೆಸರು ಹಾಕಿಸಿ ಕವರ್ ಅಂಟಿಸಿ ಬೀರುವಲ್ಲಿಡಿ. ಹತ್ತು ನಿಮಿಷದ ಕೆಲಸ, ಆದ್ರೆ ಬಿಡಬೇಡಿ. ಕೊನೆಯಲ್ಲಿ ಅದನ್ನ ತೆಗೆದಾಗ ನಾನು ಅಂದ್ಕೊಂಡಿದ್ದು ಎಲ್ಲಿ ಬದಲಾಯ್ತು ಅಂತ ಮಗುಗೆ ಕಣ್ಣಿಗೆ ಕಾಣತ್ತೆ. ಇಲ್ಲಾಂದ್ರೆ ಎಲ್ಲರೂ “ನಂಗೆ ಮೊದಲೇ ಗೊತ್ತಿತ್ತು” ಅಂದ್ಬಿಡ್ತಾರೆ.

ಹಂತ 3: ದೊಡ್ಡ ಪ್ರಶ್ನೆಯನ್ನ ಒಡೆಯೋದು

ಆರಾರು ಮಕ್ಕಳ ಗುಂಪು ಮಾಡಿ, ಈ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ಮೊದಲು ಏನೇನು ತಿಳ್ಕೋಬೇಕು ಅಂತ ಕೇಳಿ. ನಮ್ಮಲ್ಲಿ ಬಂದಿದ್ದು: ನಿಜವಾಗ್ಲೂ ಕಮ್ಮಿ ಬರ್ತಿದೆಯಾ, ಎಷ್ಟು ಕಮ್ಮಿ? ನೀರು ಬಿಡೋದು ಯಾರು, ಟೈಮ್ ಡಿಸೈಡ್ ಮಾಡೋದು ಯಾರು? ಪೈಪ್ ಹಾಕಿದ್ದು ಯಾವಾಗ? ದುಡ್ಡು ಎಲ್ಲಿಂದ ಬರತ್ತೆ? ಇಷ್ಟೇ ನೀರು ಕೊಡ್ಬೇಕು ಅಂತ ರೂಲ್ಸ್ ಇದೆಯಾ? ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷವಿಡೀ ಬಾಯಿ ಬಿಡದೆ ಇದ್ದವನು, ಎದ್ದು ನಿಂತು ಕೇಳಿದ: “ಮಿಸ್, ನೀರು ಇಳಿಜಾರಿಗೆ ತಾನೇ ಹರಿಯೋದು, ಕೆಳಗಿರೋ ನಮ್ಮ ಬೀದಿಗೇ ಜಾಸ್ತಿ ಬರ್ಬೇಕಲ್ವಾ?” ಕ್ಲಾಸ್ ಪೂರ್ತಿ ಸುಮ್ನಾಯ್ತು. ನಂಗೂ ಅದು ಹೊಳೆದಿರ್ಲಿಲ್ಲ. ಅವನ ಪ್ರಶ್ನೆಯನ್ನೇ ಚಾರ್ಟ್ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ವಿ, ಮಿಕ್ಕಿದ ಪ್ರಶ್ನೆಗಳನ್ನ ಒಂದೊಂದು ಗುಂಪು ಹಂಚ್ಕೊಂಡ್ರು.

ಹಂತ 4: ಆಧಾರ ಸೇರಿಸೋದು

ಮೊದಲು ಹೆಡ್‌ಮಾಸ್ಟರ್ ಹತ್ರ ಮಾತಾಡಿ ಬರವಣಿಗೆಯಲ್ಲಿ ಅನುಮತಿ ತಗೊಳ್ಳಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಕಿವಿಗೂ ಹಾಕಿ. ಪಠ್ಯದ ಚಟುವಟಿಕೆ, ಇಂಥ ಪಾಠಕ್ಕೆ ಸಂಬಂಧಪಟ್ಟಿದ್ದು ಅಂತ ಲೆಸನ್ ಪ್ಲಾನ್‌ನಲ್ಲೂ ಬರೆದಿಟ್ಕೊಂಡ್ರೆ ನಾಳೆ ಯಾರಾದ್ರೂ ಕೇಳಿದ್ರೆ ತೋರಿಸಬಹುದು.

ಮೊದಲ ಆಧಾರ ಒಂದು ಬಕೆಟ್. ಹದಿನೈದು ಲೀಟರ್ ಎಲ್ಲಿಗೆ ಬರತ್ತೆ ಅಂತ ಲೀಟರ್ ಬಾಟಲಿಯಲ್ಲಿ ಅಳೆದು ಸುರಿದು ಕೆಂಪು ಪೇಂಟಲ್ಲಿ ಗೆರೆ ಎಳೆದ್ವಿ. ಎರಡೂ ಬೀದಿಯ ನಲ್ಲಿ ಕೆಳಗೆ ಬಕೆಟ್ ಇಟ್ಟು ಗೆರೆ ಮುಟ್ಟೋಕೆ ಎಷ್ಟು ಹೊತ್ತಾಗತ್ತೆ, ನೀರು ಒಟ್ಟು ಎಷ್ಟು ನಿಮಿಷ ಬರತ್ತೆ ಅಂತ ಮಕ್ಕಳು ಒಂದು ವಾರ ಬರ್ಕೊಂಡ್ರು. ಕೆಳಗಿನ ಬೀದಿಯಲ್ಲಿ ಗೆರೆ ಮುಟ್ಟೋಕೆ ಮೂರು ನಿಮಿಷ ಬೇಕಾಯ್ತು, ಅಂದ್ರೆ ನಿಮಿಷಕ್ಕೆ ಐದು ಲೀಟರ್. ನೀರು ಬರ್ತಿದ್ದಿದ್ದು ನಲವತ್ತು ನಿಮಿಷ, ಅಲ್ಲಿಗೆ 200 ಲೀಟರ್. ಅದೂ ದಿನ ಬಿಟ್ಟು ದಿನ, ಹಂಗಾಗಿ ದಿನದ ಲೆಕ್ಕ 100 ಲೀಟರ್. ಮನೆಯಲ್ಲಿ ಐದು ಜನ ಇದ್ರೆ ಒಬ್ಬರಿಗೆ 20 ಲೀಟರ್.

ಈಗ ಇದರ ಪಕ್ಕ ಇಡೋಕೆ ಒಂದು ಅಳತೆ ಬೇಕು. 2019ರ ಆಗಸ್ಟ್ 15ರಂದು ಘೋಷಣೆ ಆದ ಜಲಜೀವನ್ ಮಿಷನ್‌ನಲ್ಲಿ, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತಾರಲ್ಲ ಅದೇ, ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಗುರಿ. ಐದು ಜನದ ಮನೆಗೆ 275 ಲೀಟರ್, ಹದಿನೈದು ಲೀಟರ್ ಕೊಡದ ಲೆಕ್ಕದಲ್ಲಿ ಹದಿನೆಂಟು ಕೊಡಕ್ಕೂ ಸ್ವಲ್ಪ ಜಾಸ್ತಿ. ಕೆಳಗಿನ ಬೀದಿಗೆ ಸಿಗ್ತಿದ್ದಿದ್ದು ಏಳು ಕೊಡಕ್ಕೂ ಕಮ್ಮಿ. ಗಣಿತದ ಮೇಷ್ಟ್ರು ಬಂದು ಈ ಲೆಕ್ಕಾನ ಬಾರ್ ಗ್ರಾಫ್ ಮಾಡಿಸಿದ್ರು. ಅಲ್ಲಿ ತನಕ “ನಮ್ಗೆ ನೀರೇ ಬರಲ್ಲ” ಅಂತಿದ್ದ ಮಕ್ಕಳು ಅವತ್ತಿಂದ “ನಮ್ಗೆ ಇಪ್ಪತ್ತು ಲೀಟರ್ ಬರತ್ತೆ” ಅನ್ನೋಕೆ ಶುರು ಮಾಡಿದ್ರು.

ಎರಡನೇ ಆಧಾರ ಜನ. ಊರಿಗೆ ನೀರು ಬಿಡೋ ನೀರಗಂಟಿಯವ್ರನ್ನ ಕ್ಲಾಸಿಗೇ ಕರೆಸಿದ್ವಿ, ಕುರ್ಚಿ ಹಾಕಿ ಟೀ ಕೊಟ್ಟು. ಅದರ ಹಿಂದಿನ ದಿನ ಒಂದು ಪೀರಿಯಡ್ ಪೂರ್ತಿ ಪ್ರಶ್ನೆ ಕೇಳೋದನ್ನೇ ಪ್ರಾಕ್ಟೀಸ್ ಮಾಡಿಸಿದ್ದೆ. “ನೀವ್ಯಾಕೆ ನಮ್ಗೆ ನೀರು ಬಿಡಲ್ಲ?” ಅಂತ ಕೇಳಿದ್ರೆ ಅವರು ಎದ್ದು ಹೋಗ್ತಾರೆ. “ಅಣ್ಣ, ಬೆಳಿಗ್ಗೆ ಎದ್ದಾಗಿಂದ ನಿಮ್ಮ ಕೆಲಸ ಏನೇನು, ಒಂದು ಸಲ ಹೇಳ್ತೀರಾ?” ಅಂದ್ರೆ ಅವರೇ ಎಲ್ಲ ಬಿಚ್ಚಿ ಹೇಳ್ತಾರೆ. ಅವರು ಹೇಳಿದ್ದು: ಮೂರು ಫೇಸ್ ಕರೆಂಟ್ ಬಂದಾಗ ಮಾತ್ರ ಬೋರ್‌ವೆಲ್ ಮೋಟ್ರು ಓಡತ್ತೆ, ಟ್ಯಾಂಕ್ ಪೂರ್ತಿ ತುಂಬೋದೇ ಅಪರೂಪ, ಮೇಲಿನ ಬೀದಿ ವಾಲ್ ಮೊದಲು ತಿರುಗಿಸೋದು ಮುಂಚಿಂದ ನಡ್ಕೊಂಡು ಬಂದಿರೋ ಪದ್ಧತಿ. ಆಮೇಲೆ ಇನ್ನೊಂದು ಮಾತು ಮೆಲ್ಲಗೆ ಹೇಳಿದ್ರು, ದಾರಿಯಲ್ಲಿ ಕೆಲವು ಮನೆಯವ್ರು ನಲ್ಲಿ ಪೈಪಿಗೇ ಮೋಟ್ರು ಹಾಕ್ಕೊಂಡು ಎಳ್ಕೋತಾರೆ, ಲೈನಿನ ಕೊನೆಗೆ ಹೋಗೋದ್ರಲ್ಲಿ ಪ್ರೆಷರ್ರೇ ಇರಲ್ಲ. ಇಳಿಜಾರಿನ ಪ್ರಶ್ನೆ ಕೇಳಿದ ಹುಡುಗನ ಕಡೆ ಎಲ್ಲರೂ ತಿರುಗಿ ನೋಡಿದ್ರು.

ಮೂರನೇ ಆಧಾರ ಕಾಗದ. ಪಂಚಾಯಿತಿಯಲ್ಲಿ ಸಿಗೋವು: ಗ್ರಾಮಸಭೆ ನಡಾವಳಿ, ವರ್ಷದ ಕ್ರಿಯಾ ಯೋಜನೆ, ಖರ್ಚಿನ ಲೆಕ್ಕ. ಇ-ಗ್ರಾಮ ಸ್ವರಾಜ್ ವೆಬ್‌ಸೈಟಲ್ಲೂ ಪಂಚಾಯಿತಿಯ ಯೋಜನೆ, ಖರ್ಚು ನೋಡಬಹುದು, ಒಂದು ಮೊಬೈಲ್ ಇದ್ರೆ ಕ್ಲಾಸಲ್ಲೇ ಆಗತ್ತೆ. ಒಂದು ವರ್ಷ ಕಚೇರಿಗೆ ಮಕ್ಕಳನ್ನ ಕರ್ಕೊಂಡು ಹೋದಾಗ “ಮಕ್ಕಳಿಗೆಲ್ಲ ಇದ್ಯಾಕೆ, ಪಾಠ ಮಾಡಿ ಹೋಗಿ” ಅಂತ ವಾಪಸ್ ಕಳಿಸಿದ್ರು, ಬಿಸಿಲಲ್ಲಿ ನಡ್ಕೊಂಡು ಬಂದ ಮಕ್ಕಳ ಮುಖ ಇವತ್ತಿಗೂ ನೆನಪಿದೆ. ಆಮೇಲೆ ಕಲಿತಿದ್ದು ಅಂದ್ರೆ ವಾರದ ಮುಂಚೆಯೇ ಸ್ಕೂಲ್ ಲೆಟರ್‌ಹೆಡ್‌ನಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಪತ್ರ ಕೊಡ್ಬೇಕು, ಯಾವ್ಯಾವ ಕಾಗದ ಬೇಕು ಅಂತ ಸ್ಪಷ್ಟವಾಗಿ ಬರೀಬೇಕು, ಐದಾರು ಮಕ್ಕಳು ಸಾಕು. ಹಾಗೆ ಹೋದಾಗ ಹೆಚ್ಚಿನ ಸಲ ಕೂರಿಸಿ ತೋರಿಸಿದಾರೆ.

ಅದೂ ಆಗ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವ್ರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಆ 150 ಪದದ ಮಿತಿ ಮಕ್ಕಳಿಗೆ ಒಳ್ಳೆ ಬರವಣಿಗೆ ಅಭ್ಯಾಸ. ಕ್ಲಾಸಲ್ಲಿ ಎಲ್ಲರೂ ಡ್ರಾಫ್ಟ್ ಮಾಡ್ಲಿ, ಕಳಿಸೋದಾದ್ರೆ ದೊಡ್ಡವ್ರ ಸಹಿಯಲ್ಲಿ ಕಳಿಸಿ. ಮೂವತ್ತು ದಿನ ಕಾಯ್ಬೇಕಾಗತ್ತೆ, ಅದನ್ನ ಲೆಕ್ಕ ಇಟ್ಕೊಂಡು ಪಾಠದ ಟೈಮ್ ಪ್ಲಾನ್ ಮಾಡಿ.

ಹಂತ 5: ಆಧಾರ ತೂಗೋದು

ಸಾಮಾನ್ಯವಾಗಿ ಎಲ್ಲರೂ ಮಾಹಿತಿ ಸಂಗ್ರಹಕ್ಕೇ ನಿಲ್ಲಿಸ್ತಾರೆ, ಚಾರ್ಟ್ ಮಾಡಿ ಗೋಡೆಗೆ ಅಂಟಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರೆ ಮುಗೀತು. ನಿಜವಾದ ಕಲಿಕೆ ಇರೋದು ಇದರ ಮುಂದೆ.

ನಮ್ಮ ಹತ್ರ ಮೂರು ಮಾತು ಇತ್ತು. ನೀರಗಂಟಿ ಪ್ರೆಷರ್ ಇಲ್ಲ ಅಂದ್ರು. ಕೆಳಗಿನ ಬೀದಿಯ ಒಬ್ಬ ಅಜ್ಜಿ “ನಮ್ಮ ಕೇರಿ ಅಂದ್ರೆ ಮೊದ್ಲಿಂದ್ಲೂ ಹಿಂಗೇ ಕಣವ್ವ” ಅಂದ್ರು. ಕ್ರಿಯಾ ಯೋಜನೆಯಲ್ಲಿ ಪೈಪ್‌ಲೈನ್ ದುರಸ್ತಿ ಅಂತ ಕೆಲಸ ಇತ್ತು, ಯಾವ ಬೀದಿ ಅಂತ ಬರೆದಿರ್ಲಿಲ್ಲ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಹಾಕಿಸಿದೆ: ಹೇಳಿದ್ದು ಯಾರು? ಅವರು ಕಣ್ಣಾರೆ ನೋಡಿದ್ದಾ, ಕೇಳಿದ್ದಾ? ಹಿಂಗೆ ಹೇಳೋದ್ರಿಂದ ಅವರಿಗೇನಾದ್ರೂ ಆಗತ್ತಾ? ಇನ್ನೊಂದು ಆಧಾರ ಇದನ್ನ ಹೌದು ಅನ್ನತ್ತಾ, ಇಲ್ಲ ಅನ್ನತ್ತಾ? ಅಜ್ಜಿ ಹೇಳಿದ್ದಕ್ಕೆ ಕಾಗದ ಇಲ್ಲ, ಹಾಗಂತ ತಳ್ಳಿಹಾಕೋಕಾಗತ್ತಾ ಅಂತ ಮಕ್ಕಳೇ ಅರ್ಧ ಗಂಟೆ ವಾದ ಮಾಡಿದ್ರು. ಒಬ್ಬಳು ಹೇಳಿದ್ಲು, ಕಾಗದ ಬರೆಯೋ ಜಾಗದಲ್ಲಿ ಅಜ್ಜಿ ಯಾವತ್ತೂ ಕೂತಿರ್ಲಿಲ್ಲ, ಅದಕ್ಕೇ ಕಾಗದದಲ್ಲಿ ಅವರ ಮಾತಿಲ್ಲ ಅಂತ. ಹದಿಮೂರು ವರ್ಷದ ಹುಡುಗಿ ಹೇಳಿದ ಆ ಮಾತು ನಾನು ಎಂಎ ಇತಿಹಾಸದಲ್ಲೂ ಅಷ್ಟು ಸ್ಪಷ್ಟವಾಗಿ ಕಲಿತಿರ್ಲಿಲ್ಲ.

ಇದೇ ತೂಗೋ ಅಭ್ಯಾಸ ಇತಿಹಾಸದ ಪಾಠಕ್ಕೂ ಬರತ್ತೆ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಸತ್ತವರು ಎಷ್ಟು ಅನ್ನೋದರಲ್ಲಿ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಎರಡನ್ನೂ ಬೋರ್ಡ್ ಮೇಲೆ ಬರೆದು “ಯಾಕೆ ಬೇರೆ ಬೇರೆ ಇದೆ?” ಅಂತ ಕೇಳಿ ನೋಡಿ. ತಮಿಳುನಾಡಿನ ಚೋಳರ ಕಾಲದ ಉತ್ತರಮೇರೂರು ಶಾಸನದಲ್ಲಿರೋ, ಮಡಕೆಯಿಂದ ಚೀಟಿ ಎತ್ತಿ ಊರ ಸಭೆಗೆ ಜನರನ್ನ ಆರಿಸೋ ಚುನಾವಣೆ ಪಾಠ ಮಾಡೋವಾಗ “ಇದ್ರಲ್ಲಿ ಯಾರು ನಿಲ್ಲೋ ಹಂಗಿರ್ಲಿಲ್ಲ?” ಅಂದ್ರೆ ಸಾಕು, ಜಮೀನು ಇಲ್ಲದವ್ರು, ಹೆಂಗಸರು ಅಂತ ಮಕ್ಕಳೇ ಪಟ್ಟಿ ಮಾಡ್ತಾರೆ.

ಹಂತ 6: ಪುಸ್ತಕ ತೆಗೆಯೋದು ಈಗ

ಪಠ್ಯಪುಸ್ತಕ ಬೇಡ ಅಂತ ಯಾವತ್ತೂ ಹೇಳಲ್ಲ ನಾನು. ಯಾವಾಗ ತೆಗೀಬೇಕು ಅನ್ನೋದಷ್ಟೇ ಪ್ರಶ್ನೆ. ಮಕ್ಕಳ ಕೈಯಲ್ಲಿ ಲೆಕ್ಕ ಇದೆ, ತಲೆಯಲ್ಲಿ ಪ್ರಶ್ನೆ ಇದೆ, ಈಗ ಪುಸ್ತಕ ತೆಗೆದ್ರೆ ಹಸಿದವ್ರು ಊಟಕ್ಕೆ ಕೂತ ಹಂಗೆ ಓದ್ತಾರೆ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, 29 ವಿಷಯಗಳ ಹನ್ನೊಂದನೇ ಅನುಸೂಚಿ. ಮೊದಲು ಬಾಯಿಪಾಠ ಮಾಡ್ತಿದ್ದ ಇದೇ ಸಾಲನ್ನ ಈಗ “ಆ 29ರಲ್ಲಿ ನೀರಿದೆಯಾ ಮಿಸ್?” ಅಂತ ಬೆರಳಿಟ್ಟು ಹುಡುಕ್ತಾರೆ. ಇದೆ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಪಂಚಾಯಿತಿ ಕೆಲಸಗಳ ಪಟ್ಟಿ ಇದೆ, ಅಲ್ಲೂ ಕುಡಿಯೋ ನೀರಿದೆ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಬಳಸೋಕೆ ಜಾತಿ ಧರ್ಮದ ಹೆಸರಲ್ಲಿ ಅಡ್ಡಿ ಮಾಡೋ ಹಂಗಿಲ್ಲ ಅನ್ನತ್ತೆ. ಬಾವಿ ಅಂತ ಯಾಕೆ ಬರೆದ್ರು ಅಂತ ಕೇಳಿದಾಗ ಊರ ಕೆರೆಯ ನೀರು ಬಳಸೋ ಹಕ್ಕಿಗಾಗಿ ದಲಿತರು ಅಂಬೇಡ್ಕರ್ ಜೊತೆ ಮಾಡಿದ 1927ರ ಮಹಾಡ್ ಕೆರೆ ಸತ್ಯಾಗ್ರಹದ ಕಥೆ ಹೇಳೋಕೆ ದಾರಿ ಆಗತ್ತೆ, ಬೇರೆ ಪೀಠಿಕೆ ಬೇಡ.

ಈ ಹಂತದಲ್ಲಿ ನಾನು ತುಂಬ ಇಷ್ಟಪಟ್ಟು ಮಾಡೋ ಒಂದು ಪೀರಿಯಡ್ ಇದೆ. ಸಂವಿಧಾನ ಸಭೆಯ ಚರ್ಚೆಗಳು ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಸಿಗತ್ತೆ, ಬೇಕಾದ ನಾಲ್ಕೈದು ಸಾಲು ನಾನೇ ಕನ್ನಡಕ್ಕೆ ಮಾಡಿ ಜೆರಾಕ್ಸ್ ಕೊಡ್ತೀನಿ. ಒಂದು ಕಡೆ ಗಾಂಧೀಜಿಯ ಗ್ರಾಮ ಸ್ವರಾಜ್ಯದ ಆಸೆ, ಹಳ್ಳಿಯೇ ದೇಶದ ಬುನಾದಿ ಆಗ್ಬೇಕು ಅನ್ನೋದು. ಇನ್ನೊಂದು ಕಡೆ 1948ರ ನವೆಂಬರ್ 4ರಂದು ಅಂಬೇಡ್ಕರ್ ಮಾತಾಡಿದ್ದು. ಹಳ್ಳಿ ಅಂದ್ರೆ ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮುಭಾವನೆಯ ಗೂಡು, ಕರಡು ಸಂವಿಧಾನ ಹಳ್ಳಿಯನ್ನ ಬಿಟ್ಟು ವ್ಯಕ್ತಿಯನ್ನ ಘಟಕವಾಗಿ ತಗೊಂಡಿದ್ದು ಒಳ್ಳೇದಾಯ್ತು ಅನ್ನೋ ಅರ್ಥದಲ್ಲಿ ಹೇಳಿದ್ರು ಅವರು. ಅದೇ ತಿಂಗಳು 22ಕ್ಕೆ ಸಭೆಯ ಸದಸ್ಯ ಕೆ. ಸಂತಾನಂ ತಂದ ತಿದ್ದುಪಡಿಯನ್ನ ಅದೇ ಅಂಬೇಡ್ಕರ್ ಒಪ್ಕೊಂಡ್ರು, ಅದು ಇವತ್ತಿನ 40ನೇ ವಿಧಿ, ರಾಜ್ಯ ಗ್ರಾಮ ಪಂಚಾಯಿತಿಗಳನ್ನ ಸಂಘಟಿಸ್ಬೇಕು ಅನ್ನೋದು.

ಗಾಂಧೀಜಿ, ಅಂಬೇಡ್ಕರ್ ಇಬ್ಬರಲ್ಲಿ ಯಾರು ಸರಿ ಅಂತ ಪಾಠದ ಮೊದಲ ದಿನ ಕೇಳಿದ್ರೆ ಮಕ್ಕಳು ಟೀಚರ್ ಮುಖ ನೋಡ್ತಾರೆ. ಬಕೆಟ್ ಇಟ್ಟು ಅಳೆದು ಬಂದ ಮೇಲೆ ಕೇಳಿ. ಕೆಳಗಿನ ಬೀದಿ ಮಕ್ಕಳು ಅಂಬೇಡ್ಕರ್ ಮಾತನ್ನ ಎರಡು ಸಲ ಓದ್ಕೊಂಡು, ಊರವ್ರ ಕೈಗೇ ಎಲ್ಲ ಬಿಟ್ರೆ ಮೊದಲು ವಾಲ್ ತಿರುಗೋದು ಯಾರ ಬೀದಿಗೆ ಮಿಸ್ ಅಂದ್ರು. ಇನ್ನೊಬ್ಬ, ಹಂಗಂತ ಬೆಂಗಳೂರಲ್ಲಿ ಕೂತವ್ರಿಗೆ ನಮ್ಮ ವಾಲ್ ಎಲ್ಲಿದೆ ಅಂತಾನೇ ಗೊತ್ತಿರಲ್ಲ ಅಂದ. ಮೀಸಲಾತಿ ಯಾಕಿದೆ, ಗ್ರಾಮಸಭೆ ಯಾಕಿದೆ, ಲೆಕ್ಕ ತೋರಿಸ್ಬೇಕು ಅನ್ನೋ ನಿಯಮ ಯಾಕಿದೆ ಅನ್ನೋದೆಲ್ಲ ಈ ಇಬ್ಬರ ಮಾತಿನ ಮಧ್ಯೆ ತಾನಾಗೇ ಬಂತು. ನಮ್ಮ ರಾಜ್ಯದ ಕಥೇನೂ ಇಲ್ಲೇ ಸೇರಿಸ್ತೀನಿ, 73ನೇ ತಿದ್ದುಪಡಿಗೂ ಮುಂಚೆಯೇ 1983ರಲ್ಲಿ ಕಾಯ್ದೆ ಮಾಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗೆ ಚುನಾವಣೆ ಮಾಡಿದ್ದು, ಅದರ ಹಿಂದೆ ದುಡಿದ ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರನ್ನ ಬೋರ್‌ವೆಲ್ ಕೊರೆಸಿ ನೀರು ಕೊಟ್ಟಿದ್ದಕ್ಕೆ ಜನ ನೀರ್ ಸಾಬ್ ಅಂತ ಕರೀತಿದ್ದಿದ್ದು. ಅಧಿಕಾರ ಹಂಚೋದು, ನೀರು ಹಂಚೋದು ಎರಡೂ ಒಬ್ಬರ ಹೆಸರಲ್ಲೇ ಸಿಕ್ಕಿದ್ದು ಮಕ್ಕಳಿಗೆ ಬಹಳ ಹಿಡಿಸತ್ತೆ.

ಹಂತ 7: ಉತ್ತರ ಕಟ್ಟೋದು

ಒಂದು ಪುಟ ಸಾಕು. ನಮ್ಮ ಉತ್ತರ ಇದು, ಇದಕ್ಕೆ ಆಧಾರ ಇದು, ನಮ್ಮ ಉತ್ತರವನ್ನ ಒಪ್ಪದೆ ಇರೋವ್ರು ಏನು ಹೇಳಬಹುದು, ನಮಗೆ ಇನ್ನೂ ಗೊತ್ತಾಗದೆ ಇರೋದು ಏನು. ಕೊನೆಯ ಎರಡನ್ನ ಬರೆಸದೆ ಬಿಡಬೇಡಿ. ನಮ್ಮ ಮಕ್ಕಳು ಕೊನೆಗೆ ಬರೆದಿದ್ದು ಒಂದೇ ಕಾರಣ ಅಲ್ಲ, ವಾಲ್ ತಿರುಗಿಸೋ ಸರದಿ, ಹಳೇ ಸಣ್ಣ ಪೈಪು, ಮೋಟ್ರುಗಳು, ಗ್ರಾಮಸಭೆಗೆ ಕೆಳಗಿನ ಬೀದಿಯವ್ರು ಹೋಗದೆ ಇರೋದು, ಹೋದ್ರೂ ಮಾತಾಡದೆ ಇರೋದು, ಎಲ್ಲ ಸೇರಿ. ಆಮೇಲೆ ಕವರ್ ಒಡೆದು ಮೊದಲ ಊಹೆ ಪಕ್ಕ ಇಟ್ವಿ. “ಪಂಚಾಯಿತಿಯವ್ರು ಕೆಟ್ಟವ್ರು” ಅಂತ ಬರೆದಿದ್ದವ್ರೇ ಜಾಸ್ತಿ ಇದ್ರು.

ಹಂತ 8: ಹೇಳ್ಬೇಕಾದ ಕಡೆ ಹೇಳೋದು

ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದು ವ್ಯವಸ್ಥೆ ಇದೆ, ಮಕ್ಕಳು ಪಂಚಾಯಿತಿ ಮುಂದೆ ತಮ್ಮ ಅಹವಾಲು ಇಡಬಹುದು. ಎಷ್ಟೋ ಕಡೆ ಅದು ಡ್ಯಾನ್ಸು, ಭಾಷಣ, ಬಿಸ್ಕತ್ತಲ್ಲಿ ಮುಗಿಯತ್ತೆ, ನೋಡಿದ್ರೆ ಬೇಜಾರಾಗತ್ತೆ. ನಿಮ್ಮ ಮಕ್ಕಳು ಬಾರ್ ಗ್ರಾಫ್ ಹಿಡ್ಕೊಂಡು ಹೋದ್ರೆ ಸಭೆಯ ದಿಕ್ಕೇ ಬೇರೆ ಆಗತ್ತೆ. ನಮ್ಮವ್ರು ಕೇಳಿದ್ದು ಎರಡೇ: ವಾಲ್ ಸರದಿ ವಾರಕ್ಕೊಮ್ಮೆ ಅದಲು ಬದಲು ಮಾಡಿ, ಪೈಪ್ ಕೆಲಸ ಯಾವ ಬೀದಿಗೆ ಅಂತ ಕ್ರಿಯಾ ಯೋಜನೆಯಲ್ಲಿ ಬರೀರಿ. ಮೊದಲನೇದು ಹದಿನೈದು ದಿನದಲ್ಲಿ ಆಯ್ತು. ಎರಡನೇದು ಮುಂದಿನ ಯೋಜನೆಯಲ್ಲಿ ನೋಡೋಣ ಅಂದ್ರು, ಆ ಮಾತನ್ನ ನಡಾವಳಿಯಲ್ಲಿ ಬರೆಸ್ಕೊಂಡು ಬಂದಿದಾರೆ ಮಕ್ಕಳು.

ಎಡವೋ ಜಾಗಗಳು

ಮೋಟ್ರು ವಿಷಯ ಬಂದಾಗ ನನ್ನ ಕ್ಲಾಸಲ್ಲೇ ಒಬ್ಬ ಹುಡುಗ ತಲೆ ತಗ್ಗಿಸಿದ, ಅವರ ಮನೆಯಲ್ಲೂ ಮೋಟ್ರಿತ್ತು. ಆ ಕ್ಷಣ ನಾನು ಗಮನಿಸದೆ ಹೋಗಿದ್ರೆ ಅವನು ಮಾರನೇ ದಿನ ಸ್ಕೂಲಿಗೆ ಬರ್ತಿರ್ಲಿಲ್ಲ. ಹಾಗಾಗಿ ಮೊದಲ ದಿನವೇ ನಿಯಮ ಮಾಡಿ: ಯಾವ ಮನೆಯ ಹೆಸರೂ ಬರೆಯಲ್ಲ, ನಕ್ಷೆಯಲ್ಲಿ ಗುರುತು ಹಾಕಲ್ಲ, ಎಷ್ಟು ಮನೆ ಅನ್ನೋ ಸಂಖ್ಯೆ ಸಾಕು. ಜಾತಿ ವಿಷಯ ಬಂದೇ ಬರತ್ತೆ, ಬಂದಾಗ ಬೇರೆ ಮಾತಿಗೆ ಹಾರಬೇಡಿ, ಆದ್ರೆ ಯಾವ ಮಗುವನ್ನೂ “ನಿಮ್ಮ ಕೇರಿಯಲ್ಲಿ ಹೇಗೆ, ನೀನು ಹೇಳು” ಅಂತ ಎಬ್ಬಿಸಬೇಡಿ. ಹೇಳ್ಬೇಕು ಅನ್ಸಿದ್ರೆ ಅವರೇ ಹೇಳ್ತಾರೆ, ಅಥವಾ ಚೀಟಿಯಲ್ಲಿ ಬರೀತಾರೆ.

ನಿಮ್ಮ ಅಭಿಪ್ರಾಯ ಕೊನೆ ತನಕ ಇಟ್ಕೊಳ್ಳಿ. ಟೀಚರ್ ಬಾಯಿ ಬಿಟ್ರೆ ಅದೇ ಉತ್ತರ ಅಂತ ಬರ್ಕೊಂಡ್ಬಿಡ್ತಾರೆ.

ಪೋರ್ಷನ್ ಮುಗಿಯಲ್ಲ ಅನ್ನೋದು ಎಲ್ಲರ ಭಯ, ನಂದೂ ಆಗಿತ್ತು. ನಂಗೆ ಒಟ್ಟು ಏಳು ಪೀರಿಯಡ್ ಹಿಡೀತು, ಮಾಮೂಲಿಯಾಗಿ ಈ ಪಾಠಕ್ಕೆ ನಾಲ್ಕು ತಗೋತಿದ್ದೆ. ಅಳತೆ, ಮಾತುಕತೆ ಎಲ್ಲ ಸ್ಕೂಲ್ ಟೈಮ್ ಬಿಟ್ಟು ಆಗತ್ತೆ. ವರ್ಷಕ್ಕೆ ಎರಡು ಪಾಠಕ್ಕೆ ಮಾತ್ರ ಹೀಗೆ ಪೂರ್ತಿ ಮಾಡಿ, ಮಿಕ್ಕಿದ್ದಕ್ಕೆ ಒಂದು ಪ್ರಶ್ನೆ, ಎರಡು ಆಧಾರ, ಒಂದು ಪೀರಿಯಡ್ ಸಾಕು. ಮಾರ್ಕ್ಸನ್ನ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಲ್ಲಿ ಸೇರಿಸಿ. ಚಾರ್ಟ್ ಚೆಂದಕ್ಕೆ ಮಾರ್ಕ್ಸ್ ಕೊಡಬೇಡಿ, ಆಧಾರ ತೋರಿಸಿದ್ದಕ್ಕೆ, ತನ್ನ ಉತ್ತರ ಬದಲಾಯಿಸಿಕೊಂಡಿದ್ದಕ್ಕೆ ಕೊಡಿ. ಎರಡನೇದು ಕೇಳಿದ್ರೆ ಮಕ್ಕಳಿಗೆ ಆಶ್ಚರ್ಯ ಆಗತ್ತೆ, ತಪ್ಪು ಅಂತ ಒಪ್ಕೊಂಡ್ರೂ ಮಾರ್ಕ್ಸಾ ಮಿಸ್ ಅಂತ.

ಕಾಗದಗಳನ್ನ ಎಸೀಬೇಡಿ. ನಮ್ಮ ಸ್ಕೂಲಲ್ಲಿ ಒಂದು ಫೈಲ್ ಮಾಡಿದೀವಿ, ವಾರದ ಅಳತೆ ಪಟ್ಟಿ, ನೀರಗಂಟಿಯವ್ರು ಹೇಳಿದ್ದು, ನಡಾವಳಿ ಪ್ರತಿ ಎಲ್ಲ ಅದರಲ್ಲಿದೆ. ಕೆಂಪು ಗೆರೆ ಬಕೆಟ್ ಸ್ಟಾಫ್‌ರೂಮ್ ಮೂಲೆಯಲ್ಲಿದೆ. ಈ ವರ್ಷದ ಎಂಟನೇ ಕ್ಲಾಸಿನವ್ರು ಜೂನ್‌ನಲ್ಲೇ ಅದನ್ನ ತಗೊಂಡು ಹೋಗಿ ಅದೇ ನಲ್ಲಿ ಕೆಳಗೆ ಇಟ್ಟು ಟೈಮ್ ನೋಡ್ಕೊಂಡು ಬಂದ್ರು. ಮೂರು ನಿಮಿಷ ಇದ್ದಿದ್ದು ಎರಡು ನಿಮಿಷ ಹತ್ತು ಸೆಕೆಂಡ್ ಆಗಿದೆ. ಯಾಕೆ ಕಮ್ಮಿ ಆಯ್ತು ಅನ್ನೋದು ಅವರ ಪ್ರಶ್ನೆ, ಹೋದ ವರ್ಷದವ್ರು ಹೇಳಿದ್ದಕ್ಕೇ ಆಯ್ತಾ, ಮಳೆ ಚೆನ್ನಾಗಿ ಆಗಿದ್ದಕ್ಕಾ ಅಂತ ಈಗ ಹುಡುಕ್ತಿದಾರೆ.